ಯೋನನ ಹೆಗಲ ಮೇಲಿನ ಗಾಳ

ಲಿಫುಕಾ, ಹಾಪೈ ದ್ವೀಪಗಳು
೧೧ ಏಪ್ರಿಲ್ ೨೦೨೨

ಮಾನಾಸೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರಬೇಕು, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಚರ್ಚಿನಲ್ಲಿ ಯಾರಾದರೂ ನನ್ನ ಕಿವಿಗೆ ಹಾಕಿರುತ್ತಿದ್ದರು. ಜ್ವಾಲಾಮುಖಿ ಸಿಡಿದು ಸಮುದ್ರದ ಕೇಬಲ್ ತುಂಡಾದ ಮೇಲೆ ಫೋನು ಅನ್ನೋದು ಇಲ್ಲಿ ಬರೀ ಅಲಂಕಾರ. ಹಲೋ ಅಂದದ್ದು ಹೋಗುತ್ತೆ, ಮಿಕ್ಕದ್ದು ಹೋಗೋದಿಲ್ಲ. ಅದಕ್ಕೇ ಈ ಕಾಗದ, ಹಡಗಿನವರ ಕೈಯಲ್ಲಿ.

ಆಸ್ಪತ್ರೆಯ ಉಗ್ರಾಣದ ಬೀಗದ ಕೈ ನನ್ನ ಸೊಂಟ ಸೇರಿ ಹನ್ನೆರಡು ವರ್ಷ ಆಯಿತು. ಆಕ್ಸಿಜನ್ ಸಿಲಿಂಡರು ಖಾಲಿಯಾದರೆ ಹಡಗಿಗೆ ಹಾಕು, ನಿಮ್ಮ ಆಕ್ಲೆಂಡಿನಲ್ಲಿ ತುಂಬಿ ಬರುತ್ತೆ, ಇಳಿಸಿಕೊ. ಇಷ್ಟೇ ನನಗೆ ಗೊತ್ತಿದ್ದದ್ದು. ಬೂದಿ ಬಿದ್ದ ಮೇಲೆ ಯಾರೋ ಪುಣ್ಯಾತ್ಮರು ದಾನ ಅಂತ ಹದಿನಾರು ಸಿಲಿಂಡರು ಕಳಿಸಿದರು. ಬಣ್ಣ ಬಲು ಚೆಂದ. ಅವೂ ಖಾಲಿಯಾದವು. ಮೊನ್ನೆ ನಮ್ಮ ಹಳೆಯ ಹನ್ನೊಂದರ ಜೊತೆ ಅವನ್ನೂ ಬಂದರಿಗೆ ಸಾಗಿಸಿದೆವು. ಹಡಗಿನಲ್ಲಿ ಸರಕು ನೋಡಿಕೊಳ್ಳೋ ಹೊಪೋಟೆ ಟಾರ್ಚು ಹಿಡಿದು ಒಂದೊಂದರ ಕತ್ತಿನ ಕೆಳಗಿನ ಹೆಗಲ ಮೇಲೂ ಬಗ್ಗಿ ನೋಡಿದ. ಹನ್ನೊಂದನ್ನು ಹತ್ತಿಸಿದ. ಹದಿನಾರನ್ನು ಅಲ್ಲೇ ಬಿಟ್ಟ.

"ಏನೋ, ಬಣ್ಣ ಇಷ್ಟ ಆಗಲಿಲ್ಲವೇನೋ?" ಅಂದೆ.

"ಫುಸಿಯಮ್ಮ, ಇದರ ಮೇಲೆ ಗುರುತಿಲ್ಲ. ಗುರುತಿಲ್ಲದ್ದನ್ನ ಒಂದು ದೇಶದಿಂದ ಇನ್ನೊಂದಕ್ಕೆ ದಾಟಿಸಿದ್ರೆ ನನ್ನ ಕೆಲಸ ಹೋಗುತ್ತೆ" ಅಂದ.

ನಾನು ಆ ದಿನ ಮೊದಲ ಸಲ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಅಯ್ಯೋ, ನಮ್ಮ ಹಳೆಯವುಗಳ ಹೆಗಲ ತುಂಬ ಬರಹ! ಇಷ್ಟು ವರ್ಷ ಅದರ ಮೇಲೆ ಒದ್ದೆ ಬಟ್ಟೆ ಒಣಗಿಸುತ್ತಿದ್ದೆ. ಅದರಲ್ಲೂ ಯೋನ ಅನ್ನೋ ಸಿಲಿಂಡರು ಇದ್ದಾನಲ್ಲ, ಅವನಿಗೆ ನಾನು ದಿನಾ ಮಧ್ಯಾಹ್ನ ಒರಗಿ ಕೂತು ಚಾಪೆ ಹೆಣೆಯೋದು. ಕಬ್ಬಿಣ ತಣ್ಣಗಿರುತ್ತೆ, ಬೆನ್ನಿಗೆ ಹಿತ. ಹತ್ತು ವರ್ಷದ ಹಿಂದೆ ಇಳಿಸುವಾಗ ಕೈಜಾರಿ ಸಮುದ್ರಕ್ಕೆ ಬಿದ್ದು, ಮೂರು ದಿನ ತಳದಲ್ಲಿದ್ದು ತಿರುಗಿ ಬಂದ. ಅದಕ್ಕೇ ನರ್ಸ್ ಲಾತೈ ಅವನಿಗೆ ಬೈಬಲಿನಲ್ಲಿ ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದು ಬಂದವನ ಹೆಸರಿಟ್ಟದ್ದು.

ನೀನು ಅಲ್ಲಿ ಇದೇ ಕೆಲಸ ಅಲ್ಲವಾ ಮಾಡೋದು? ಆ ಬರಹ ಏನು ಹೇಳುತ್ತೆ ಬರೆ. ಜೊತೆಗೆ ಗುರುತು ಹೊಡೆಯೋ ನಿನ್ನ ಅಚ್ಚನ್ನ ಹೊಪೋಟೆ ಕೈಯಲ್ಲಿ ಕಳಿಸು. ಹದಿನಾರಕ್ಕೂ ನಾನೇ ಹೊಡೆದುಕೊಳ್ಳುತ್ತೇನೆ. ಸುತ್ತಿಗೆ ಇಲ್ಲೇ ಇದೆ.

ನಿನ್ನ ಅಪ್ಪನ ಅಕ್ಕ,
ಫುಸಿ


ಒನೆಹುಂಗಾ, ಆಕ್ಲೆಂಡ್
೪ ಮೇ ೨೦೨೨

ಪ್ರೀತಿಯ ಅತ್ತೆ,

ನೀವು ಕೇಳಿದ್ದಕ್ಕೆ ಇಲ್ಲ ಅಂತ ನಾನು ಹುಟ್ಟಿದಾಗಿನಿಂದ ಹೇಳಿಲ್ಲ. ನಮ್ಮಲ್ಲಿ ಸೋದರತ್ತೆಗೆ ಇಲ್ಲ ಅಂದವರನ್ನ ನಾನಂತೂ ನೋಡಿಲ್ಲ. ಆದರೆ ಅಚ್ಚು ಕಳಿಸೋದು ನನ್ನ ಕೈಯಲ್ಲಿಲ್ಲ. ಅದು ಬೀಗದೊಳಗೆ ಇರುತ್ತೆ, ಪರವಾನಗಿ ಪಡೆದವನ ಕೈ ಬಿಟ್ಟು ಹೋಗೋ ಹಾಗಿಲ್ಲ. ಕ್ಷಮಿಸಿ. ಬರಹದ ವಿಷಯ ಮಾತ್ರ ನೀವು ಬೇಡ ಅನ್ನೋವರೆಗೂ ಹೇಳುತ್ತೇನೆ.

ಒಂದು ಸಣ್ಣ ವೃತ್ತ, ಅದರೊಳಗೆ ಮೇಲೊಂದು ಕೆಳಗೊಂದು ಅಕ್ಷರ ಇದೆಯಲ್ಲ, ಅದು ವಿಶ್ವಸಂಸ್ಥೆಯ ಗುರುತು. ಅದಿದ್ದರೆ ಹಡಗಿನವನು ಯಾವ ಬಂದರಿನಲ್ಲೂ ವಾದ ಮಾಡಬೇಕಿಲ್ಲ. ಪಕ್ಕದ ಅಕ್ಷರಗಳು ಯಾವ ದೇಶ ಒಪ್ಪಿಗೆ ಕೊಟ್ಟದ್ದು ಅನ್ನೋದು. ಆಮೇಲೆ ಹುಟ್ಟಿದಾಗ ನೋಡಿದವರ ಮುದ್ರೆ, ಹುಟ್ಟಿದ ವರ್ಷ, ತಿಂಗಳು. ಕೆಳಗಿನ ಸಾಲಿನಲ್ಲಿ ಎಷ್ಟು ಒತ್ತಡಕ್ಕೆ ಪರೀಕ್ಷೆ ಮಾಡಿದ್ದು, ಖಾಲಿ ತೂಕ ಎಷ್ಟು, ಗೋಡೆ ಕಡಿಮೆಯೆಂದರೂ ಎಷ್ಟು ದಪ್ಪ ಇರಬೇಕು, ಹೊಟ್ಟೆಯಲ್ಲಿ ಎಷ್ಟು ಲೀಟರು ನೀರು ಹಿಡಿಸುತ್ತೆ. ಕೊನೆಗೆ ಮಾಡಿದವನ ಹೆಸರು, ಅದರ ನಂಬರು. ಇವೆಲ್ಲ ಹುಟ್ಟುವಾಗಲೇ ಪರೀಕ್ಷಕನ ಎದುರಿಗೇ ಬೀಳಬೇಕು. ದಾನದ ಹದಿನಾರಕ್ಕೆ ಈಗ ಯಾರು ಹೊಡೆದರೂ ಅದು ಸುಳ್ಳು ಹೆಸರಿನ ಪಾಸ್‌ಪೋರ್ಟು ಇದ್ದ ಹಾಗೆ.

ಹುಟ್ಟಿದ ಮೇಲೆ ಆಕ್ಸಿಜನ್ನಿನದಕ್ಕೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಪಾಸಾದರೆ ವರ್ಷ, ತಿಂಗಳು, ಪರೀಕ್ಷಕನ ಗುರುತು. ನಮ್ಮ ಶೆಡ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು. ನನ್ನದು ಗಾಳ. ಅಪ್ಪ ಮೀನು ಹಿಡಿಯುತ್ತಿದ್ದರಲ್ಲ ಅಂತ ಅದನ್ನೇ ಕೇಳಿ ತೆಗೆದುಕೊಂಡಿದ್ದೆ.

ಬಣ್ಣದ ಕೆಳಗೆ ಬರಹ ಸರಿಯಾಗಿ ಕಾಣದಿದ್ದರೆ ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ, ಮೂಡಿ ಬರುತ್ತೆ. ಇನ್ನೊಂದು ಆಟ ಹೇಳಿಕೊಡುತ್ತೇನೆ. ಸಿಲಿಂಡರು ಪೂರ್ತಿ ಖಾಲಿಯಾದ ಮೇಲೆ, ಖಾಲಿಯಾದ ಮೇಲೆ ಮಾತ್ರ, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ಏಟು ಕೊಟ್ಟು ಎಣಿಸಿ. ಒಳ್ಳೆಯದು ಗಂಟೆಯ ಹಾಗೆ ತುಂಬ ಹೊತ್ತು ಗುಂಯ್ ಅನ್ನುತ್ತೆ. ಹಳಬರು ಅದರಲ್ಲೇ ಅರ್ಧ ಕಾಯಿಲೆ ಕಂಡುಹಿಡಿಯುತ್ತಿದ್ದರು.

ನಿಮ್ಮ ಮಾತು ನಡೆಸಲಾರದ,
ಮಾನಾಸೆ


ಲಿಫುಕಾ
೨೦ ಜೂನ್ ೨೦೨೨

ಮಾನಾಸೆ,

ಅಚ್ಚು ಕಳಿಸಲಿಲ್ಲ ಅಂತ ಒಂದು ವಾರ ಸಿಟ್ಟು ಮಾಡಿಕೊಂಡಿದ್ದೆ. ಆಮೇಲೆ ಪೆನ್ಸಿಲ್ ಹಿಡಿದೆ. ಈಗ ನನಗೆ ಹುಚ್ಚು ಹಿಡಿದಿದೆ ಅಂತ ಲಾತೈ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಹನ್ನೊಂದು ಕಾಗದ ಇದರ ಜೊತೆ ಇಟ್ಟಿದ್ದೇನೆ. ಒಂದೊಂದೂ ಒಂದು ವಂಶಾವಳಿ. ಎಲ್ಲಿ ಹುಟ್ಟಿತು, ಯಾರು ಒಪ್ಪಿಕೊಂಡರು, ಎಷ್ಟು ತೂಕ. ನಮ್ಮೂರ ಎಷ್ಟೋ ಜನರ ವಿಷಯ ಇಷ್ಟು ಖಚಿತವಾಗಿ ಯಾರೂ ಬರೆದಿಟ್ಟಿಲ್ಲ.

ಎಲ್ಲ ಒಂದೇ ತಾಯಿಯ ಮಕ್ಕಳು, ೨೦೦೩ರಲ್ಲಿ ಹುಟ್ಟಿದವು. ನಂಬರು ಮಾತ್ರ ಬೇರೆ. ಯೋನನದು ಕೊನೆಗೆ ೪೧೭. ಅವರೆಲ್ಲರ ಹೆಗಲ ಮೇಲೆ ೧೩, ಗೀಟು, ೦೩. ಅದರ ಪಕ್ಕದಲ್ಲಿ ಏನು ಹೇಳು ನೋಡೋಣ. ಗಾಳ! ನಿನ್ನ ಗಾಳ, ಮಾನಾಸೆ. ನನ್ನ ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನ ಕೈಬರಹ ಒಂಬತ್ತು ವರ್ಷದಿಂದ ನನ್ನ ಉಗ್ರಾಣದಲ್ಲಿ ನಿಂತಿದೆ, ನನಗೆ ಗೊತ್ತೇ ಇಲ್ಲ. ಭಾನುವಾರ ಚರ್ಚು ಮುಗಿದ ಮೇಲೆ ಎಲ್ಲರ ಎದುರಿಗೆ ಹೇಳಿದೆ. ಪಾದ್ರಿಯ ಹೆಂಡತಿ ಬಂದು ಮುಟ್ಟಿ ನೋಡಿ ಹೋದಳು. ನಿನ್ನ ಅಪ್ಪ ಐಸೇಯ ಇದ್ದಿದ್ದರೆ ಏನೂ ಮಾತಾಡದೆ ಹೊರಗೆ ಹೋಗಿ ಕೂತಿರುತ್ತಿದ್ದ. ಖುಷಿಯಾದರೆ ಅವನು ಹಾಗೇ ಮಾಡುತ್ತಿದ್ದದ್ದು.

ಈ ತಿಂಗಳು ವಾರ್ಡು ತುಂಬಿತ್ತು, ಹನ್ನೊಂದೂ ಖಾಲಿ. ಒಂದೊಂದನ್ನೇ ಬಾರಿಸಿದೆ. ಹತ್ತು ಸಿಲಿಂಡರು ಒಂಬತ್ತರವರೆಗೆ ಎಣಿಸುವಷ್ಟು ಹೊತ್ತು ಗುಂಯ್‌ಗುಟ್ಟಿದವು. ಯೋನ ಮಾತ್ರ ನಾಲ್ಕಕ್ಕೇ ಬಾಯಿ ಮುಚ್ಚಿಕೊಂಡ. ಅವನು ಮೂಟೆಗೆ ಒರಗಿದ್ದ, ಅದಕ್ಕಿರಬೇಕು ಅಂತ ಆಚೆ ನಿಲ್ಲಿಸಿ ಬಾರಿಸಿದೆ. ಆಗಲೂ ನಾಲ್ಕೇ. ಇದೇನು, ಸಮುದ್ರದ ತಳ ನೋಡಿ ಬಂದವರು ಮಾತು ಕಡಿಮೆ ಆಡುತ್ತಾರೋ?

ನಿನ್ನಿಂದ ಹೆಮ್ಮೆಪಟ್ಟ,
ಫುಸಿ ಅತ್ತೆ


ಒನೆಹುಂಗಾ
೯ ಜುಲೈ ೨೦೨೨

ಪ್ರೀತಿಯ ಅತ್ತೆ,

ಕಾಗದಗಳು ಸಿಕ್ಕಿದವು. ನಂಬರು ೪೧೭ರದನ್ನು ತುಂಬಿಸಲು ಕಳಿಸಬೇಡಿ. ಉಗ್ರಾಣದಿಂದ ಆಚೆಗೆ, ಜನ ಓಡಾಡದ ಕಡೆ, ನೆರಳಿನಲ್ಲಿ ಕಟ್ಟಿ ನಿಲ್ಲಿಸಿ. ಅದರ ತಲೆಯ ಮೇಲಿನ ಕವಾಟ, ಆ ವಾಲ್ವು, ತೆರೆದೇ ಇರಲಿ. ದಯವಿಟ್ಟು ಇನ್ನು ಮೇಲೆ ಅದಕ್ಕೆ ಒರಗಬೇಡಿ.

ಇಲ್ಲಿ ಚಳಿ ಜೋರಾಗಿದೆ. ಎಲ್ಲರಿಗೂ ನನ್ನ ನೆನಪು ಹೇಳಿ.

ಮಾನಾಸೆ


ಲಿಫುಕಾ
೧ ಆಗಸ್ಟ್ ೨೦೨೨

ಮಾನಾಸೆ,

ಇದೆಂಥ ಕಾಗದ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಾನು ಹನ್ನೊಂದು ಹಾಳೆ ಕಳಿಸಿದರೆ ನೀನು ಅಂಗೈಯಷ್ಟು ಬರೆಯುತ್ತೀಯ, ಅದರಲ್ಲಿ ಚಳಿಯ ಸುದ್ದಿ ಬೇರೆ. ಗಾಳದ ವಿಷಯ ಒಂದಕ್ಷರ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಯಾವ ಹೆಗಲು ಮುಟ್ಟಿಕೊಂಡೆ ಅಂತ ನಾನು ಮೂರು ದಿನ ಯೋಚನೆ ಮಾಡಿದೆ.

ಯೋನನನ್ನ ಬ್ರೆಡ್‌ಫ್ರೂಟ್ ಮರಕ್ಕೆ ಕಟ್ಟಿಸಿದ್ದೇನೆ. ಮಿಕ್ಕ ಹತ್ತನ್ನು ಹಡಗಿಗೆ ಹಾಕಿದೆ. ಬಿಡುವಾಯಿತು ನೋಡು, ನನ್ನ ಬಳಿ ಉಳಿಸಿಕೊಂಡಿದ್ದ ಪೆನ್ಸಿಲ್ ಕಾಗದ ಮುಂದೆ ಇಟ್ಟುಕೊಂಡು ಕೂತೆ. ೧೩, ಗೀಟು, ೦೩. ಎರಡು ಸಾವಿರದ ಹದಿಮೂರು, ಮಾರ್ಚ್. ನೀನೇ ಹೇಳಿಕೊಟ್ಟ ಓದು.

ಐಸೇಯ ಹೋದದ್ದು ಆ ವರ್ಷ ಫೆಬ್ರವರಿ ಇಪ್ಪತ್ತಾರಕ್ಕೆ. ನೀನು ಇಪ್ಪತ್ತೆಂಟಕ್ಕೆ ಬಂದು ಇಳಿದೆ. ಸೂತಕಕ್ಕೆ ಮಂಡಿ ಮುಚ್ಚೋ ಹರಕು ಚಾಪೆ ಸೊಂಟಕ್ಕೆ ಸುತ್ತಿಕೊಂಡು ಹತ್ತು ದಿನ ಹಿತ್ತಲಲ್ಲಿ ಒಲೆಯ ಹತ್ತಿರ ಇದ್ದೆ. ಹತ್ತನೆಯ ದಿನ ನಿನ್ನ ಕೂದಲು ಕತ್ತರಿಸಿದವಳು ನಾನು. ನಿನ್ನ ಕಿವಿಯ ಹಿಂದೆ ಕತ್ತರಿ ತಾಗಿ ರಕ್ತ ಬಂತು, ನೀನು ಅಲ್ಲಾಡಲಿಲ್ಲ. ಗೋರಿಯ ಮೇಲೆ ಬಿಳಿ ಮರಳು, ಕಪ್ಪು ಕಲ್ಲು ಹಾಸಿ ಮುಗಿಸಿ ನೀನು ವಿಮಾನ ಹತ್ತಿದಾಗ ಏಪ್ರಿಲ್ ಬಂದಿತ್ತು.

ಹಾಗಾದರೆ ಮಾರ್ಚ್ ತಿಂಗಳಲ್ಲಿ ಆಕ್ಲೆಂಡಿನಲ್ಲಿ ಈ ಸಿಲಿಂಡರು ಪರೀಕ್ಷೆ ಮಾಡಿದ ಮಾನಾಸೆ ಯಾರಪ್ಪ? ನನ್ನ ಕತ್ತರಿಯ ಕೆಳಗೆ ಒಬ್ಬ ಇದ್ದ. ಇನ್ನೊಬ್ಬ ಇದ್ದದ್ದು ನನಗೆ ಗೊತ್ತಿಲ್ಲ.

ಬೈಯೋಕೆ ಕೇಳುತ್ತಿಲ್ಲ. ತಿಳಿದುಕೊಳ್ಳೋಕೆ ಕೇಳುತ್ತಿದ್ದೇನೆ.

ಫುಸಿ


ಒನೆಹುಂಗಾ
೨೭ ಆಗಸ್ಟ್ ೨೦೨೨

ಅತ್ತೆ,

ಇನ್ನೊಬ್ಬ ಇರಲಿಲ್ಲ.

ಕೆಲಸ ನಡೆಯಬೇಕಾದ ಕ್ರಮ ಹೇಳುತ್ತೇನೆ. ಮೊದಲು ಕವಾಟ ಬಿಚ್ಚಿ ಒಳಗೆ ದೀಪ ಇಳಿಸಿ ನೋಡಬೇಕು. ಆಮೇಲೆ ನೀರು ತುಂಬಿ, ಒತ್ತಡ ಏರಿಸಿ, ಎಷ್ಟು ಉಬ್ಬುತ್ತೆ ಅಂತ ಅಳೆಯಬೇಕು. ಒಣಗಿಸಬೇಕು. ಎಲ್ಲ ಆದ ಮೇಲೆ ಕೊನೆಗೆ ಗುರುತು. ಆದರೆ ನಮ್ಮ ಶೆಡ್ಡಿನಲ್ಲಿ ಒಂದು ಕೆಟ್ಟ ಅಭ್ಯಾಸ ಇತ್ತು. ಅಚ್ಚು ಒಂದು ಸಲ ಕೈಗೆ ಬಂದರೆ ಸಾಲಾಗಿ ನಿಂತದ್ದಕ್ಕೆಲ್ಲ ಮೊದಲೇ ಹೊಡೆದಿಡುತ್ತಿದ್ದೆವು. ಪರೀಕ್ಷೆ ಆಮೇಲೆ. ನೂರರಲ್ಲಿ ಒಂದು ಫೇಲಾದರೆ ಅದರ ಗುರುತಿನ ಮೇಲೆ ಕಾಟು ಹೊಡೆದು ಪಕ್ಕಕ್ಕೆ ಹಾಕೋದು.

ಅಪ್ಪನ ಸುದ್ದಿ ಬಂದಾಗ ಹನ್ನೊಂದೂ ನನ್ನ ಬೆಂಚಿನ ಮುಂದೆ ನಿಂತಿದ್ದವು. ಹಾಪೈಯವು ಅಂತ ನಾನೇ ಕೇಳಿ ತೆಗೆದುಕೊಂಡಿದ್ದೆ. ಪರೀಕ್ಷೆ ಮುಗಿಸಿ ಮಾರ್ಚ್ ಮೊದಲ ವಾರದ ಹಡಗಿಗೆ ಕಳಿಸಬೇಕಿತ್ತು, ಅದಕ್ಕೇ ಆ ತಿಂಗಳ ಅಂಕಿ. ಕೈ ಸುಮ್ಮನಿರಲಾರದೆ ಸುತ್ತಿಗೆ ತೆಗೆದುಕೊಂಡೆ. ೧೩, ೦೩, ಗಾಳ. ೧೩, ೦೩, ಗಾಳ. ಅಳು ಬರಬಾರದು ಅಂತ ಹೊಡೆದೆ ಅನ್ನಿಸುತ್ತೆ. ನನ್ನ ಜೊತೆಯ ರಾಸ್ ಆ ದಿನ ರಜೆಯಲ್ಲಿದ್ದ. ಇನ್ನೂ ಪರೀಕ್ಷೆ ಆಗಿಲ್ಲ ಅಂತ ಚೀಟಿ ಬರೆದಿಡಬೇಕಿತ್ತು. ವಿಮಾನ ತಪ್ಪುತ್ತೆ ಅಂತ ಓಡಿದೆ. ಮಾರನೆಯ ದಿನ ಅವನು ಬಂದು ನೋಡಿದ, ಹನ್ನೊಂದಕ್ಕೂ ಗುರುತಿದೆ. ಗುರುತಿದ್ದರೆ ಕೆಲಸ ಮುಗಿದಿದೆ ಅಂತ. ಕವಾಟ ಹಾಕಿ ಕಳಿಸಿಬಿಟ್ಟ. ಅವನ ತಪ್ಪು ಅಲ್ಲ.

ನಾನು ತಿರುಗಿ ಬಂದಾಗ ಬೆಂಚು ಖಾಲಿ. ಯಾರು ಪರೀಕ್ಷೆ ಮಾಡಿದ್ದು ಅಂತ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಉತ್ತರ ಬರುತ್ತಿತ್ತು, ಅದಕ್ಕೇ ಕೇಳಲಿಲ್ಲ. ಒಂಬತ್ತು ವರ್ಷ ಅತ್ತೆ. ರಾಸ್ ನಿವೃತ್ತನಾದ ದಿನವೂ ಕೇಳಲಿಲ್ಲ. ಹೋದ ವಾರ ಅವನ ಮನೆಗೆ ಹೋಗಿ ಕೇಳಿದೆ. ಅವನಿಗೆ ನೆನಪಿತ್ತು.

ಸಮುದ್ರದಲ್ಲಿ ಮೂರು ದಿನ ಬಿದ್ದಿದ್ದು ನಾಲ್ಕಕ್ಕೆ ನಿಂತಿತು ಅಂತ ನೀವು ಬರೆದದ್ದನ್ನ ಓದಿದ ಮೇಲೆ ಆ ಅಂಗೈಯಷ್ಟು ಕಾಗದ ಬರೆಯೋದಷ್ಟೇ ನನ್ನಿಂದ ಆದದ್ದು. ಒಳಗೆ ಉಪ್ಪುನೀರು ಹೋಗಿದ್ದರೆ ಆಕ್ಸಿಜನ್ ಜೊತೆ ಸೇರಿ ಉಕ್ಕನ್ನು ತಿನ್ನುತ್ತೆ. ತುಂಬಿದ ಸಿಲಿಂಡರಿಗೆ ನೀವು ದಿನಾ ಬೆನ್ನು ಕೊಟ್ಟು ಕೂತಿರಿ. ಬೆನ್ನು ಕೊಡೋಕೆ ಧೈರ್ಯ ಕೊಟ್ಟದ್ದು ನನ್ನ ಗಾಳ.

ನಿಮ್ಮ ಹತ್ತು ಇಲ್ಲಿ ತುಂಬಲು ಬಂದಾಗ ಗ್ಯಾಸು ತುಂಬೋ ಅಂಗಳಕ್ಕೆ ಹೋಗಿ ನೋಡಿದೆ. ಹೊರಗಿನಿಂದ ಎಲ್ಲ ಚೆನ್ನಾಗಿದೆ. ಹೊರಗಿನಿಂದ ನೋಡಿದ್ದನ್ನ ನೋಡಿದ್ದು ಅಂತ ನಮ್ಮ ಕೆಲಸದಲ್ಲಿ ಅನ್ನೋದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಪರವಾನಗಿ ಕೊಟ್ಟವರಿಗೆ ಬರೆಯಬೇಕು ಅಂತಿದ್ದೇನೆ. ನಿಮಗೆ ಮೊದಲು ಹೇಳಿದೆ.

ಮಾನಾಸೆ


ಲಿಫುಕಾ
೧೯ ಸೆಪ್ಟೆಂಬರ್ ೨೦೨೨

ಮಾನಾಸೆ,

ಬರೆಯಬೇಡ.

ಕೇಳಿದವಳು ನಾನೇ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಕೆದಕಿ ಕೆದಕಿ ಕೇಳಿದೆ, ನೀನು ಹೇಳಿದೆ, ಸಾಕು. ಇದು ನಿನ್ನ ನನ್ನ ನಡುವೆ ಇರಲಿ. ಯೋನನನ್ನ ನಾನು ದೋಣಿಯಲ್ಲಿ ಹಾಕಿಸಿ ಅವನು ಬಂದ ಸಮುದ್ರಕ್ಕೇ ಹಾಕಿಸುತ್ತೇನೆ. ಮಿಕ್ಕ ಹತ್ತು ಒಂಬತ್ತರವರೆಗೆ ಹಾಡುತ್ತವೆ. ಹಾಡೋದಕ್ಕೆ ಏನು ಕಾಯಿಲೆ?

ಲೆಕ್ಕ ಹಾಕಿ ನೋಡು. ಹಡಗು ಒಪ್ಪೋದು ಆ ಹತ್ತನ್ನೇ. ದಾನದ ಹದಿನಾರು ಮದುವೆಗೆ ಬಂದು ಉಳಿದುಕೊಂಡ ನೆಂಟರ ಹಾಗೆ ಹಿತ್ತಲಲ್ಲಿ ನಿಂತಿವೆ. ನೀನು ಬರೆದ ಮರುಗಳಿಗೆಗೆ ಆ ಹತ್ತನ್ನೂ ಕಟ್ಟಿಹಾಕುತ್ತಾರೆ. ಆಮೇಲೆ ವಾರ್ಡಿಗೆ ನಾನು ಏನು ಕೊಡಲಿ? ಮಂಚ ಎರಡರಲ್ಲಿ ಮುದುಕ ಸೆಮಿಸಿ ಇದ್ದಾನೆ, ಮೂಗಿನಿಂದ ಕೊಳವೆ ತೆಗೆದರೆ ಅರ್ಧ ಗಂಟೆಯಲ್ಲಿ ತುಟಿ ನೀಲಿ. ನಿನಗೆ ಈಜು ಕಲಿಸಿದವನು. ಅವನಿಗೆ ಹೋಗಿ ಏನು ಹೇಳಲಿ, ನಮ್ಮ ಹುಡುಗನಿಗೆ ಮನಸ್ಸು ಹಗುರ ಮಾಡಿಕೊಳ್ಳಬೇಕಿತ್ತಂತೆ ಅನ್ನಲಾ?

ನಾನು ನಿನಗೆ ಇಷ್ಟು ದಿನ ಚಾಪೆ ತಾ, ಗೆಣಸು ತಾ ಅಂದಿದ್ದೇನೆ. ಅಪ್ಪಣೆ ಅಂತ ಯಾವತ್ತೂ ಅಂದಿಲ್ಲ. ಈಗ ಅನ್ನುತ್ತಿದ್ದೇನೆ. ಬಾಯಿಗೆ ಬೀಗ ಹಾಕಿಕೊ. ನಿನ್ನ ಅಪ್ಪ ಬದುಕಿದ್ದರೂ ನನ್ನ ಈ ಮಾತಿಗೆ ತಲೆ ಬಾಗಿಸುತ್ತಿದ್ದ.

ಫುಸಿ


ಒನೆಹುಂಗಾ
೮ ಅಕ್ಟೋಬರ್ ೨೦೨೨

ಅತ್ತೆ,

ನಿಮ್ಮ ಕಾಗದ ಸೋಮವಾರ ಬಂತು. ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಬುಧವಾರ ಪರವಾನಗಿ ಕೊಟ್ಟವರಿಗೆ ಬರೆದೆ.

ಅಪ್ಪ ತಲೆ ಬಾಗಿಸುತ್ತಿದ್ದರು, ನಿಜ. ಆಮೇಲೆ ಹೊರಗೆ ಹೋಗಿ ಕೂತು, ದೋಣಿಯ ತಳದಲ್ಲಿ ಬಿರುಕಿದೆ ಅಂತ ಗೊತ್ತಿದ್ದೂ ಅದರಲ್ಲಿ ಅಕ್ಕನನ್ನ ಕೂರಿಸೋದು ಹೇಗೆ ಅಂತ ಯೋಚನೆ ಮಾಡುತ್ತಿದ್ದರು. ಕೂರಿಸುತ್ತಿರಲಿಲ್ಲ. ನಾಲ್ಕಕ್ಕೆ ನಿಂತದ್ದು ನಿಮಗೆ ಕೇಳಿಸಿತು. ಒಂಬತ್ತರವರೆಗೆ ಹಾಡೋದರಲ್ಲೂ ಕೆಲವು ಸಲ ಬಿರುಕು ಇರುತ್ತೆ, ಅದು ಯಾರಿಗೂ ಕೇಳಿಸೋದಿಲ್ಲ. ಸೆಮಿಸಿ ತಾತನ ತಲೆಯ ಹತ್ತಿರ ಅಂಥದ್ದೊಂದು ನಿಂತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ನನ್ನ ತಪ್ಪು.

ಬರೋ ಸೋಮವಾರ ನನ್ನ ಅಚ್ಚು ತೆಗೆದುಕೊಳ್ಳುತ್ತಾರೆ. ಗಾಳ ಇನ್ನು ಯಾರಿಗೂ ಕೊಡೋದಿಲ್ಲವಂತೆ. ಶೆಡ್ಡಿನಲ್ಲಿ ನಾನು ಈಗ ಕವಾಟ ಬಿಚ್ಚೋ ಕೆಲಸಕ್ಕೆ ಇದ್ದೇನೆ. ಕೆಲಸದಿಂದ ತೆಗೆಯಲಿಲ್ಲ, ಅದೇ ದೊಡ್ಡದು. ಯಜಮಾನರ ಕಾಲಿಗೆ ಬೀಳೋದೊಂದು ಬಾಕಿ, ಹಾಗೆ ಕೇಳಿಕೊಂಡು ಎಂಟು ತುಂಬಿದ ಸಿಲಿಂಡರು ಕೈಗಡ ತೆಗೆದುಕೊಂಡಿದ್ದೇನೆ. ಇದೇ ಹಡಗಿನಲ್ಲಿ ಬರುತ್ತಿವೆ. ಗುರುತು ಎಲ್ಲ ನೋಡಿದ್ದೇನೆ, ರಾಸ್ ಕೂಡ ಬಂದು ನೋಡಿದ. ಹತ್ತರ ಜಾಗಕ್ಕೆ ಎಂಟು. ಎರಡು ಕಡಿಮೆ, ಕ್ಷಮಿಸಿ.

ನಿಮ್ಮ ಹನ್ನೊಂದನ್ನೂ ಖಾಲಿ ಮಾಡಿ, ಕವಾಟದ ಮೇಲೆ ಮುಚ್ಚಳ ಹಾಕಿ ಹೊಪೋಟೆಗೆ ಕೊಡಿ. ಪರೀಕ್ಷೆಗೆ ಹೋಗುವ ಖಾಲಿ ಸಿಲಿಂಡರು ಅಂತ ಪತ್ರ ಮಾಡಿಸಿ ಅವನ ಕೈಗೆ ಕೊಟ್ಟಿದ್ದೇನೆ. ಯೋನನನ್ನ ಸಮುದ್ರಕ್ಕೆ ಹಾಕಬೇಡಿ. ಅವನನ್ನೂ ಕಳಿಸಿ.

ನಿಮ್ಮ ಮಾತು ಮೀರಿದೆ. ಕ್ಷಮೆ ಕೇಳೋ ಮುಖ ಇಲ್ಲ.

ಮಾನಾಸೆ


ಒನೆಹುಂಗಾ
೨೬ ನವೆಂಬರ್ ೨೦೨೨

ಅತ್ತೆ,

ಹೊಪೋಟೆ ಹನ್ನೊಂದನ್ನೂ ತಂದು ಇಳಿಸಿದ. ನಿಮ್ಮಿಂದ ಕಾಗದ ಇದೆಯಾ ಅಂತ ಕೇಳಿದೆ. "ಇಲ್ಲ ಕಣೋ, ಅವರ ಮುಖ ನೋಡಿ ನಾನೂ ಕೇಳಲಿಲ್ಲ" ಅಂದ. ಆದರೂ ನಾನು ಬರೆಯಬೇಕು.

ಕವಾಟ ಬಿಚ್ಚಿದವನು ನಾನು. ದೀಪ ಇಳಿಸಿ ನೋಡಿದವಳು ಹೊಸ ಪರೀಕ್ಷಕಿ, ಚಿಕ್ಕ ವಯಸ್ಸು, ನಗೋದಿಲ್ಲ. ಹತ್ತು ಪಾಸು. ಅವುಗಳ ಮೇಲೆ ಈಗ ಅವಳ ಗುರುತು ಇದೆ, ಮೊದಲು ಪರೀಕ್ಷೆ ಮಾಡಿ ಆಮೇಲೆ ಹೊಡೆದದ್ದು. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಯೋನನ ಸರದಿ ಬಂದಾಗ ಅವಳು ದೀಪ ಇಳಿಸಿ ನೋಡಿ ನನಗೆ ಜಾಗ ಬಿಟ್ಟಳು. ತಳದಲ್ಲಿ ಒಂದು ಹಿಡಿ ಕೆಂಪು ಪುಡಿ. ಗೋಡೆಯ ದಪ್ಪ ಕಡಿಮೆಯೆಂದರೂ ಐದು ಮಿಲಿಮೀಟರು ಮೀರಬೇಕು ಅಂತ ಅವನ ಹೆಗಲ ಮೇಲೇ ಬರೆದಿದೆ. ನೀವು ಒರಗುತ್ತಿದ್ದ ಕಡೆ, ಸೊಂಟದ ಎತ್ತರಕ್ಕಿಂತ ಸ್ವಲ್ಪ ಕೆಳಗೆ, ಎರಡು ಮಿಲಿಮೀಟರೂ ಇರಲಿಲ್ಲ. ಅಲ್ಲಿಂದ ಉಗುರಗಲದ ತುಂಡು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಬೆರಳ ನಡುವೆ ಹಿಡಿದು ನೋಡಿ. ಒಂಬತ್ತು ವರ್ಷದಲ್ಲಿ ಎಷ್ಟು ಸಲ ತುಂಬಿಸಿದರು ಅಂತ ಎಣಿಸೋಕೆ ಹೋಗಿ ಅರ್ಧಕ್ಕೆ ಬಿಟ್ಟೆ.

ಫೇಲಾದದ್ದರ ಗುರುತಿನ ಮೇಲೆ ಕಾಟು ಹೊಡೆಯಬೇಕು, ಇನ್ನು ಯಾರೂ ತುಂಬದ ಹಾಗೆ. ಪರೀಕ್ಷಕಿ ಸುತ್ತಿಗೆ ನನ್ನ ಕೈಗೆ ಕೊಟ್ಟಳು. ವೃತ್ತದ ಮೇಲೆ ಹೊಡೆದೆ, ದೇಶದ ಹೆಸರಿನ ಮೇಲೆ ಹೊಡೆದೆ, ಗಾಳದ ಮೇಲೆ ಹೊಡೆದೆ. ಈ ಸಲ ಅಳು ಬಂತು. ತಡೆಯಲಿಲ್ಲ.

ಆಮೇಲೆ ಗರಗಸದಲ್ಲಿ ಎರಡು ತುಂಡು ಮಾಡಿದರು. ಗುಜರಿಗೆ ಹೋಗೋಕೆ ಕಾಯುತ್ತಿದೆ.

ಮಾನಾಸೆ


ಲಿಫುಕಾ
೨೦ ಡಿಸೆಂಬರ್ ೨೦೨೨

ಮಾನಾಸೆ,

ನಿನಗೆ ಈ ಕಾಗದ ಮುಟ್ಟೋದು ಕ್ರಿಸ್‌ಮಸ್ ಕಳೆದ ಮೇಲೆ. ಗುಜರಿಯ ವಿಷಯ ಓದಿದ ದಿನವೇ ಹೊಪೋಟೆಗೆ ರೇಡಿಯೋದಲ್ಲಿ ಹೇಳಿಸಿದೆ. ಸತ್ತವರ ಮನೆಯಲ್ಲಿ ತನಗೆ ಬೇಕಾದ್ದನ್ನ ಮೊದಲು ಎತ್ತಿಕೊಳ್ಳೋ ಹಕ್ಕು ಸೋದರತ್ತೆಯದು, ಯೋನ ಸತ್ತಿದ್ದಾನೆ, ಅವನ ಮೇಲಿನ ಅರ್ಧ ನನ್ನದು, ಗುಜರಿಯವರಿಗೆ ಮುಟ್ಟಗೊಡಬೇಡ ಅಂತ. ಅವನು ನಕ್ಕನಂತೆ. ಆದರೂ ತಂದ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಇಷ್ಟು ದಿನ ಬರೆಯಲಿಲ್ಲ. ಮೊದಲು ಸಿಟ್ಟಿಗೆ. ನನ್ನ ಮಾತು ಮೀರಿದವರು ಈ ಅರವತ್ತಮೂರು ವರ್ಷದಲ್ಲಿ ಯಾರೂ ಇಲ್ಲ, ನೀನು ಮೊದಲನೆಯವನು. ಆಮೇಲೆ ಸಿಟ್ಟು ಇಳಿಯಿತು. ಸಿಟ್ಟು ಇಳಿದದ್ದನ್ನ ಕಾಗದದಲ್ಲಿ ಬರೆಯೋಕೆ ನನ್ನಂಥವಳಿಗೆ ಇನ್ನೂ ಸ್ವಲ್ಪ ದಿನ ಬೇಕಾಯಿತು.

ಎಂಟರಲ್ಲಿ ಹೇಗೆ ನಡೆಸಿದೆವು ಅಂತ ನೀನು ತಿಳಿದಿರಬೇಕು, ಅದಕ್ಕೇ ಹೇಳುತ್ತಿದ್ದೇನೆ. ಹಡಗು ಬರೋಕೆ ಮುಂಚಿನ ಕೊನೆಯ ನಾಲ್ಕು ದಿನ ಒಂದೇ ಸಿಲಿಂಡರು ಉಳಿದಿತ್ತು, ಅದೂ ಅರ್ಧ. ಲಾತೈಯೂ ನಾನೂ ಸರದಿಯ ಮೇಲೆ ಸೆಮಿಸಿಯ ಬೆನ್ನ ಹಿಂದೆ ದಿಂಬು ಕೊಟ್ಟು ಕೂರಿಸಿಕೊಂಡು, ಹತ್ತು ನಿಮಿಷ ಕೊಳವೆ ಹಾಕಿ ಹತ್ತು ನಿಮಿಷ ತೆಗೆದು ಕಳೆದೆವು. ನಿನ್ನನ್ನ ಬಾಯಿಗೆ ಬಂದ ಹಾಗೆ ಬೈದೆ. ಅವನು ಉಸಿರು ಸಿಕ್ಕಾಗಲೆಲ್ಲ "ಪಾಪ, ಬಿಡು ಫುಸಿ, ಹುಡುಗ ಚೆನ್ನಾಗಿ ಈಜುತ್ತಿದ್ದ" ಅನ್ನುತ್ತಿದ್ದ. ಬದುಕಿದ್ದಾನೆ. ನಿನ್ನೆ ಎದ್ದು ಕೂತು ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿ ಬೇಯಿಸಿದ ಲೂ ಬೇಕು, ಅದೂ ತೆಂಗಿನ ಹಾಲು ಜಾಸ್ತಿ ಹಾಕಿದ್ದು ಬೇಕು ಅಂದ.

ನೀನು ಕಳಿಸಿದ ತುಂಡು ಕೈಯಲ್ಲಿ ಹಿಡಿದು ನೋಡಿದೆ. ಲಾತೈಗೆ ತೋರಿಸಿದೆ. ಅವಳು ನನ್ನ ಬೆನ್ನನ್ನ ಒಂದು ಸಲ ನೋಡಿದಳು, ಆಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿನ್ನ ಬಾಯಿಗೆ ಬೀಗ ಹಾಕು ಅಂದಿದ್ದೆನಲ್ಲ ಮಾನಾಸೆ. ನೀನು ಹಾಕಿಕೊಂಡಿದ್ದರೆ? ಯೋನನನ್ನ ಸಮುದ್ರಕ್ಕೆ ಹಾಕುತ್ತೇನೆ ಅಂದಿದ್ದೆ, ಅದು ಸುಳ್ಳು. ಮಳೆ ಬಂತು ಅಂತ ಸೆಪ್ಟೆಂಬರಿನಲ್ಲಿ ಅವನನ್ನ ಆಗಲೇ ಒಳಗೆ ತಂದು ನನ್ನ ಜಾಗದಲ್ಲೇ ನಿಲ್ಲಿಸಿದ್ದೆ. ಇನ್ನೊಂದು ಸಲ ತುಂಬಿಸಿ ನೋಡೋಣ ಅನ್ನೋ ಆಸೆಯೂ ಇತ್ತು. ಒಂದು ಸಿಲಿಂಡರು ಅಂದರೆ ಒಬ್ಬ ಮನುಷ್ಯನಿಗೆ ಐದಾರು ದಿನ. ಬಿಡೋಕೆ ಮನಸ್ಸು ಬರುತ್ತಿರಲಿಲ್ಲ.

ಯೋನನ ಮೇಲಿನ ಅರ್ಧವನ್ನ ಉಗ್ರಾಣದ ಮುಂದೆ, ಬ್ರೆಡ್‌ಫ್ರೂಟ್ ಕೊಂಬೆಗೆ ತೂಗುಹಾಕಿಸಿದ್ದೇನೆ. ಪಾದ್ರಿ ಚರ್ಚಿನ ಗಂಟೆಗೆ ಕೊಡಿ ಅಂತ ಬಂದಿದ್ದ. ಕೊಡಲಿಲ್ಲ. ಹಡಗು ಕಂಡಾಗ ಇದನ್ನ ಬಾರಿಸೋದು, ಸಿಲಿಂಡರು ಉರುಳಿಸೋಕೆ ಕೈ ಬೇಕು ಅಂತ ಊರಿಗೆ ಗೊತ್ತಾಗಲಿ. ಮೊನ್ನೆ ನಿನ್ನ ಹತ್ತರ ಜೊತೆಗೇ ಅವನೂ ಇಳಿದ, ಆ ಬೆಳಿಗ್ಗೆಯೇ ಕಟ್ಟಿಸಿ ಮೊದಲ ಸಲ ಬಾರಿಸಿದೆ. ಎಣಿಸುತ್ತಾ ನಿಂತೆ. ತಳ ಹೋಯಿತಲ್ಲ, ಈಗ ಹದಿನಾಲ್ಕರವರೆಗೆ ಹೋಗುತ್ತೆ. ಕೆಳಗಿನ ಬೀದಿಯವರೆಲ್ಲ ಬಂದರು. ಬಂದವರು ಬಗ್ಗಿ ಹೆಗಲು ನೋಡಿದರು. ಕಾಟು ಹೊಡೆದ ಗಾಳ ಏನು ಅಂತ ಕೇಳಿದರು. ಹೇಳಿದೆ. ನಿನ್ನ ಹೆಸರೂ ಹೇಳಿದೆ, ನಾನು ಏನು ಅಪ್ಪಣೆ ಕೊಟ್ಟಿದ್ದೆ ಅಂತಲೂ ಹೇಳಿದೆ. ಪಾದ್ರಿಯ ಹೆಂಡತಿ ಮತ್ತೆ ಮುಟ್ಟಿ ನೋಡಿ ಹೋದಳು.

ಮತ್ತೆ ಪರೀಕ್ಷೆಗೆ ಕೂರಬಹುದಂತೆ ನೀನು, ಹೊಪೋಟೆ ಹೇಳಿದ. ಕೂರು. ಪಾಸಾದರೆ ಹೊಸ ಗುರುತು ಯಾವುದು ಬೇಕು ಅಂತ ಕೇಳುತ್ತಾರಲ್ಲ, ಆಗ ಕತ್ತರಿ ಅನ್ನು. ಕೂದಲು ಕತ್ತರಿಸೋ ಕತ್ತರಿ. ಇದು ಅಪ್ಪಣೆ. ಇದನ್ನಾದರೂ ಮೀರಬೇಡ.

ನಾನು ಈಗ ಚಾಪೆ ಹೆಣೆಯುವಾಗ ಗೋಡೆಗೆ ಒರಗುತ್ತೇನೆ. ಅಷ್ಟು ತಣ್ಣಗಿಲ್ಲ.

ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನಿಂದ ಮಾತು ಮೀರಿಸಿಕೊಂಡ,
ಫುಸಿ ಅತ್ತೆ